ಅಲಾರಂ ಪುಸ್ತಕ

2004ರಲ್ಲಿ ನಮ್ಮ ಲ್ಯಾಬಿನ ನೆಟ್‌ವರ್ಕ್‌ನಲ್ಲಿ ಹರಿಯುತ್ತಿದ್ದದ್ದೆಲ್ಲ ಅಲ್ಲಿ ಕೂತ ಯಾರಿಗೆ ಬೇಕಾದರೂ ಕಾಣುತ್ತಿತ್ತು. ಕಾರಣ ಹಬ್ ಎಂಬ ಪೆಟ್ಟಿಗೆ. ಯಾವ ಪ್ಯಾಕೆಟ್ ಯಾವ ಕಂಪ್ಯೂಟರಿಗೆ ಎಂಬುದು ಸ್ವಿಚ್‌ಗೆ ಗೊತ್ತು, ಹಬ್‌ಗೆ ಗೊತ್ತಿಲ್ಲ. ಒಂದು ಪೋರ್ಟಿನಲ್ಲಿ ಬಂದದ್ದನ್ನು ಅದು ಉಳಿದೆಲ್ಲ ಪೋರ್ಟುಗಳಿಗೂ ಕಳಿಸಿಬಿಡುತ್ತದೆ. ತನ್ನದಲ್ಲದ ಪ್ಯಾಕೆಟ್ಟನ್ನು ನೆಟ್‌ವರ್ಕ್ ಕಾರ್ಡ್ ಬಿಟ್ಟುಬಿಡುವುದು ವಾಡಿಕೆ. ಬಿಡಬೇಡ, ಎಲ್ಲವನ್ನೂ ಎತ್ತಿಕೋ ಎಂದು ಕಾರ್ಡಿಗೆ ಹೇಳಿ ಎಥೆರಿಯಲ್ ಎಂಬ ತಂತ್ರಾಂಶ ತೆರೆದರೆ ಸಾಕು, ಪಕ್ಕದ ಸಾಲಿನವರು ಮೇಲ್ ನೋಡಲು ಕೊಟ್ಟ ಪಾಸ್‌ವರ್ಡ್ ತೆರೆಯ ಮೇಲೆ ಓದಿಕೊಳ್ಳುವಂತೆ ನಿಂತಿರುತ್ತಿತ್ತು. ಒಂದು ಸಾಲಿನಲ್ಲಿ ಬಳಕೆದಾರನ ಹೆಸರು, ಮುಂದಿನ ಸಾಲಿನಲ್ಲಿ ಗುಟ್ಟು. ನಡುವೆ ಮರೆಯೇ ಇಲ್ಲ. ಎಥೆರಿಯಲ್‌ಗೆ 2006ರಲ್ಲಿ ವೈರ್‌ಶಾರ್ಕ್ ಎಂಬ ಹೆಸರು ಬಂತು; ಈಗಿನ ಹುಡುಗರಿಗೆ ಗೊತ್ತಿರುವುದು ಆ ಹೆಸರೇ.

ಎಂ.ಟೆಕ್. ಮೂರನೇ ಸೆಮಿಸ್ಟರಿನಲ್ಲಿ ನಮ್ಮ ಕಾಲೇಜಿನಲ್ಲಿ ಗುಂಪಿಗೊಂದು ಪ್ರಾಜೆಕ್ಟ್ ಮಾಡಿಸುತ್ತಿದ್ದರು. ಮಧ್ಯ ಕರ್ನಾಟಕದ ಕಾಲೇಜು, ಕಡಿಮೆ ಜನರ ಕ್ಲಾಸು. ನಮ್ಮ ಗುಂಪಿನ ನಾಲ್ವರಲ್ಲಿ ಒಬ್ಬರು ಪಾಲಿಟೆಕ್ನಿಕ್ ಲೆಕ್ಚರರ್, ಡೆಪ್ಯುಟೇಶನ್ ಮೇಲೆ ಓದಲು ಬಂದವರು, ಗೈಡ್‌ಗಿಂತ ವಯಸ್ಸಿನಲ್ಲಿ ಹಿರಿಯರು. ಸಹಪಾಠಿಯಾದರೂ ನಮಗೆ ಅವರು ಸರ್. ಅವರೂ ನಮ್ಮನ್ನು ಬಹುವಚನದಲ್ಲೇ ಮಾತನಾಡಿಸುತ್ತಿದ್ದರು. ಇನ್ನೊಬ್ಬ ಗದಗ ಕಡೆಯವನು, ಡೇಟಾಬೇಸಿನಲ್ಲಿ ಎತ್ತಿದ ಕೈ. ಮತ್ತೊಬ್ಬಳು ಪುತ್ತೂರಿನವಳು, ಸ್ಟೀವನ್ಸ್ ಬರೆದ ಟಿಸಿಪಿ-ಐಪಿ ಪುಸ್ತಕವನ್ನು ಬಿ.ಇ.ಯಲ್ಲೇ ಅರೆದು ಕುಡಿದಿದ್ದಳು. ನಾಲ್ಕನೆಯವನು ನಾನು. ಗೇಟ್ ಪರೀಕ್ಷೆ ಪಾಸಾದವರಿಗೆ ಆಗ ತಿಂಗಳಿಗೆ 5,000 ರೂಪಾಯಿ ಸ್ಟೈಪೆಂಡ್. ನಮ್ಮಲ್ಲಿ ಇಬ್ಬರಿಗೆ ಅದು ಬರುತ್ತಿತ್ತು, ಪ್ರಾಜೆಕ್ಟಿನ ಖರ್ಚು ಅದರಲ್ಲೇ ನಡೆಯಿತು.

ವಿಷಯ: ಕಾಲೇಜಿನ ನೆಟ್‌ವರ್ಕ್‌ಗೆ ನುಸುಳುಕೋರರನ್ನು ಪತ್ತೆ ಹಚ್ಚುವ ವ್ಯವಸ್ಥೆ. ಒಂದು ಹಳೇ ಪೆಂಟಿಯಂ ಯಂತ್ರ, ಅದರಲ್ಲಿ ರೆಡ್ ಹ್ಯಾಟ್ 9, ಅದರ ಮೇಲೆ ಸ್ನಾರ್ಟ್. ಸ್ನಾರ್ಟ್ ಅನ್ನು ಮಾರ್ಟಿನ್ ರೋಶ್ 1998ರಲ್ಲಿ ಬರೆದು ಎಲ್ಲರಿಗೂ ಉಚಿತವಾಗಿ ಬಿಟ್ಟಿದ್ದರು. ನಮ್ಮಂಥ ಕಾಲೇಜಿನವರು ಈ ವಿಷಯಕ್ಕೆ ಕೈಹಾಕಲು ಸಾಧ್ಯವಾದದ್ದೇ ಅದರಿಂದ. ಹರಿದು ಹೋಗುವ ಪ್ರತಿ ಪ್ಯಾಕೆಟ್ಟನ್ನೂ ಅದು ತನ್ನ ರೂಲ್‌ಗಳ ಪಟ್ಟಿಯೊಂದಿಗೆ ಹೋಲಿಸಿ ನೋಡುತ್ತದೆ, ಹೊಂದಿದರೆ ಅಲಾರಂ ಹೊಡೆಯುತ್ತದೆ. ಅಲಾರಂಗಳು ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ, ಅಲ್ಲಿಂದ ಬ್ರೌಸರಿನಲ್ಲಿ ಕಾಣುವ ಪುಟಕ್ಕೆ.

ಬೆಂಗಳೂರಿನ ಎಸ್‌ಪಿ ರೋಡಿನಿಂದ ಎರಡು ರಿಯಲ್‌ಟೆಕ್ ಕಾರ್ಡು, ಕ್ಯಾಟ್-5 ಕೇಬಲ್, ಆರ್‌ಜೆ-45 ಕನೆಕ್ಟರ್ ತಂದೆವು. ಕಾಲೇಜು ಆಗಷ್ಟೇ ಸ್ವಿಚ್‌ಗಳಿಗೆ ಬದಲಾಗುತ್ತಿತ್ತು. ಪೋರ್ಟ್ ಮಿರರಿಂಗ್ ಇರುವ, ಅಂದರೆ ಉಳಿದ ಪೋರ್ಟುಗಳ ಪ್ಯಾಕೆಟ್ಟುಗಳ ನಕಲನ್ನು ಒಂದು ಪೋರ್ಟಿಗೆ ಕೊಡುವ, ಸ್ವಿಚ್ ನಮ್ಮ ಕೈಗೆ ಎಟಕುವ ಬೆಲೆಯದಲ್ಲ. ಹಾಗಾಗಿ ಸ್ಟೋರಿನಲ್ಲಿ ಮೂಲೆಗೆ ಬಿದ್ದಿದ್ದ ಹಬ್ಬನ್ನು ಸರ್ ಕೇಳಿ ಇಸಿದುಕೊಂಡರು. ಕೇಬಲ್ ಕ್ರಿಂಪ್ ಮಾಡುವುದನ್ನು ನಮಗೆ ಕಲಿಸಿದ್ದೂ ಅವರೇ. ಹೊರಗಿನ ಸಿಪ್ಪೆಯನ್ನು ಬೆರಳಗಲ ಸುಲಿಯಬೇಕು, ಹೆಣೆದುಕೊಂಡ ಎಂಟು ತಂತಿ ಬಿಡಿಸಬೇಕು, ಸಾಲಾಗಿ ಹಿಡಿಯಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ತುದಿಗಳನ್ನು ಒಂದೇ ಸಮ ಕತ್ತರಿಸಿ ಕನೆಕ್ಟರಿಗೆ ತೂರಿಸಿ, ಎಂಟೂ ತಾಮ್ರದ ತುದಿಗಳು ಆ ಕಡೆಯ ಪ್ಲಾಸ್ಟಿಕ್ಕಿಗೆ ತಾಕಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಒತ್ತಬೇಕು. ಹಸಿರು ಜೋಡಿ ಏಕೆ ನೀಲಿಯ ಎರಡೂ ಬದಿಗೆ ಒಡೆದು ಹೋಗಿದೆ ಎಂದು ಕೇಳಿದ್ದಕ್ಕೆ, ನಡುವಿನ ಎರಡು ತಂತಿ ಮೊದಲಿಂದ ಟೆಲಿಫೋನಿಗೆ ಮೀಸಲು ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದರು. ಪದವಿಯಲ್ಲಿ ನಾಲ್ಕು ವರ್ಷ ಓದಿದ ನೆಟ್‌ವರ್ಕ್ಸ್ ವಿಷಯ ನನ್ನ ಕೈಗೆ ಸಿಕ್ಕಿದ್ದು ಆ ಮೇಜಿನ ಮೇಲೆ.

ಅದಕ್ಕೂ ಮುಂಚೆ ಅವರು ಒಂದು ಪಟ್ಟು ಹಿಡಿದಿದ್ದರು. "ಪ್ರಿನ್ಸಿಪಾಲರ ಸಹಿ ಬರೋವರೆಗೆ ಒಂದು ಪ್ಯಾಕೆಟ್ಟೂ ಹಿಡಿಯೋದು ಬೇಡ, ನೋಡಿ." ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರಲ್ಲೇ ಬಂದಿತ್ತು. ಮಾಲೀಕರ ಅನುಮತಿಯಿಲ್ಲದೆ ಕಂಪ್ಯೂಟರ್ ಜಾಲದಿಂದ ಮಾಹಿತಿ ತೆಗೆದರೆ ಒಂದು ಕೋಟಿ ರೂಪಾಯಿವರೆಗೆ ಪರಿಹಾರ ಕೊಡಬೇಕಾದೀತು ಎಂದು ಅದರ 43ನೇ ಸೆಕ್ಷನ್ ಹೇಳುತ್ತಿತ್ತು. ಕ್ಲಾಸಿನಲ್ಲಿ ಅದನ್ನು ಯಾರೂ ನಮಗೆ ಓದಿಸಿರಲಿಲ್ಲ, ಸರ್ ಓದಿಕೊಂಡಿದ್ದರು. ಯಾವ ಲ್ಯಾಬು, ಯಾವ ಹೊತ್ತು, ಏನನ್ನು ಉಳಿಸಿಕೊಳ್ಳುತ್ತೇವೆ, ಯಾವಾಗ ಅಳಿಸುತ್ತೇವೆ, ಎಲ್ಲ ಬರೆದು ಒಂದು ಪತ್ರ ಮಾಡಿದರು. ಅಲಾರಂ ಹೊಡೆದ ಪ್ಯಾಕೆಟ್ ಮಾತ್ರ ಪೂರ್ತಿ ಉಳಿಯಬೇಕು, ಉಳಿದವುಗಳ ಹೆಡರ್, ಅಂದರೆ ಎಲ್ಲಿಂದ ಎಲ್ಲಿಗೆ ಎಂಬ ತಲೆಬರಹ, ಮಾತ್ರ ಸಾಕು ಎಂದು ಅದರಲ್ಲೇ ನಮಗೆ ನಾವು ಕಟ್ಟು ಹಾಕಿಕೊಂಡೆವು. ಪಾಸ್‌ವರ್ಡ್‌ಗಳು ಹಾಗೆ ಬತ್ತಲಾಗಿ ಓಡಾಡುತ್ತಿದ್ದ ಜಾಲದಲ್ಲಿ ಆ ಒಂದು ಪುಟದ ಕಾಗದಕ್ಕೆ ಎಷ್ಟು ಬೆಲೆಯಿತ್ತು ಎಂಬುದು ಈಗ ಈ ಕೆಲಸವನ್ನೇ ಹೊಟ್ಟೆಪಾಡಿಗೆ ಮಾಡುವಾಗ ದಿನವೂ ತಿಳಿಯುತ್ತದೆ.

ನಮ್ಮ ಸ್ನಾರ್ಟ್ ಯಂತ್ರ, ಅಂದರೆ ಸೆನ್ಸರ್, ಶುರುವಾದ ಮೇಲೆ ಮೊದಲು ಸಿಕ್ಕಿದ್ದು ಸ್ಲ್ಯಾಮರ್. 2003ರ ಜನವರಿ 25ರಂದು ಹೊರಬಿದ್ದ ಈ ಹುಳು ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್‌ಗಳಿಗೆ ತಗುಲುತ್ತಿತ್ತು. ತಗುಲಬಹುದಾದ ಯಂತ್ರಗಳಲ್ಲಿ ನೂರಕ್ಕೆ 90ಕ್ಕೆ ಅದು ಹತ್ತೇ ನಿಮಿಷದಲ್ಲಿ ಹರಡಿತ್ತು. ಒಂದೂವರೆ ವರ್ಷ ಕಳೆದರೂ ಅದು ಸತ್ತಿರಲಿಲ್ಲ. ಕಾಲೇಜಿನ ಲೀಸ್ಡ್ ಲೈನಿನ ಹೊರಬದಿಯಲ್ಲಿ ಸೆನ್ಸರ್ ಇಟ್ಟರೆ ಯುಡಿಪಿ 1434ನೇ ಪೋರ್ಟಿಗೆ ಎಲ್ಲೆಲ್ಲಿಂದಲೋ ಬಂದು ಬಡಿಯುತ್ತಲೇ ಇತ್ತು. ಸ್ನಾರ್ಟಿನಲ್ಲಿ ಅದನ್ನು ಹಿಡಿಯುವ ರೂಲಿನ ಸಂಖ್ಯೆಯೂ 2003. ಪುತ್ತೂರಿನವಳು ಆ ರೂಲನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು, ಪಕ್ಕದಲ್ಲಿ ಹಿಡಿದ ಪ್ಯಾಕೆಟ್ಟಿನ ಪ್ರಿಂಟ್ ಇಟ್ಟು, ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದಳು. ಮೊದಲ ಬೈಟ್ 04: ಈ ಹೆಸರಿನ ಡೇಟಾಬೇಸ್ ಎಲ್ಲಿದೆ ಎಂದು ಸರ್ವರನ್ನು ಕೇಳುವ ಸಂಕೇತ. ಹೆಸರು ಬರಬೇಕಾದ ಜಾಗದಲ್ಲಿ 01, 01, 01 ಎಂದು ಸಾಲುಸಾಲು. ಹೆಸರಿಗೆಂದು ಸರ್ವರ್ ಇಟ್ಟಿದ್ದ ಜಾಗ ಅಷ್ಟಕ್ಕೇ ತುಂಬಿ, ಮಿಕ್ಕಿದ್ದು ಆಚೆಗೆ ಚೆಲ್ಲಿ, ಆಚೆಗೆ ಚೆಲ್ಲಿದ್ದೇ ಕೋಡ್ ಆಗಿ ಓಡುತ್ತದೆ. ಇನ್ನೂ ಕೆಳಗೆ 'ಸಾಕ್', 'ಸೆಂಡ್' ಎಂಬ ತುಣುಕುಗಳು. ಹುಳು ತನ್ನನ್ನು ತಾನೇ ಕಳಿಸಿಕೊಳ್ಳಲು ವಿಂಡೋಸಿನ ಯಾವ ಫಂಕ್ಷನ್‌ಗಳನ್ನು ಕರೆಯಬೇಕೋ ಅವುಗಳ ಹೆಸರಿನ ತುಂಡುಗಳವು. ಇಡೀ ಹುಳು 376 ಬೈಟ್. ಒಂದೇ ಪ್ಯಾಕೆಟ್ಟಿನಲ್ಲಿ ಬಂದು ಹೋಗುತ್ತದೆ.

"ಎಂತ ಮಾರಾಯ, ಇಷ್ಟೇ ಉಂಟಾ ಇದು?" ಎಂದಳು. ಆ ಹಾಳೆಯನ್ನು ರಿಪೋರ್ಟಿನಲ್ಲಿ ಚಿತ್ರವಾಗಿ ಹಾಕಿದೆವು. ನಮ್ಮ ರಿಪೋರ್ಟಿನಲ್ಲಿ ಬೇರೆಲ್ಲೂ ಸಿಗದ ಒಂದು ಪುಟ ಇತ್ತೆಂದರೆ ಅದೇ.

ಒಳಗಿನ ಕಥೆ ಬೇರೆ. 2004ರ ಏಪ್ರಿಲ್ ಕೊನೆಗೆ ಸಾಸರ್ ಎಂಬ ಇನ್ನೊಂದು ಹುಳು ಬಂದಿತ್ತು. ಜರ್ಮನಿಯ ಹದಿಹರೆಯದ ವಿದ್ಯಾರ್ಥಿಯೊಬ್ಬ ಬರೆದದ್ದು. ಅದು ಹೊಗುವ ಕಿಂಡಿ ಮುಚ್ಚುವ ಪ್ಯಾಚನ್ನು ಮೈಕ್ರೋಸಾಫ್ಟ್ ಏಪ್ರಿಲ್ 13ಕ್ಕೇ ಕೊಟ್ಟಿತ್ತು. ಲ್ಯಾಬಿನ ಯಂತ್ರಗಳಿಗೆ ಅದನ್ನು ಹಾಕಿದವರಿಲ್ಲ. ತಗುಲಿದ ಯಂತ್ರ, ಇನ್ನು ಅರವತ್ತು ಸೆಕೆಂಡಿನಲ್ಲಿ ಬಂದ್ ಆಗುತ್ತೇನೆ ಎಂದು ಒಂದು ಪೆಟ್ಟಿಗೆ ತೋರಿಸಿ ಎಣಿಸತೊಡಗುತ್ತಿತ್ತು. ಜೂನಿಯರ್‌ಗಳು ಅಸೈನ್‌ಮೆಂಟ್ ಸೇವ್ ಮಾಡಿಕೊಳ್ಳಲು ಒದ್ದಾಡುತ್ತಿದ್ದರು. ಸಾಸರ್ ಎದ್ದಾಗ ನಮ್ಮ ಹಬ್ಬಿನ ಕೊಲಿಜನ್ ದೀಪ ಮಿನುಗುವುದನ್ನು ಬಿಟ್ಟು ಹತ್ತಿಯೇ ನಿಲ್ಲುತ್ತಿತ್ತು. ಸ್ನಾರ್ಟ್ ಪುಟ ತೆರೆದರೆ ಒಂದೇ ವಿಳಾಸದಿಂದ ಲ್ಯಾಬಿನ ಎಲ್ಲ ವಿಳಾಸಗಳ 445ನೇ ಪೋರ್ಟಿಗೆ ಸಾಲುಗಟ್ಟಿ ಬಾಗಿಲು ಬಡಿತ. ನಾವು ಎದ್ದು ಹೋಗಿ ಆ ಯಂತ್ರದ ಕೇಬಲ್ ಕಿತ್ತು, ಸಿ.ಡಿ.ಯಿಂದ ಪ್ಯಾಚ್ ಹಾಕಿ, ಮತ್ತೆ ಜೋಡಿಸುತ್ತಿದ್ದೆವು. ಪ್ರಾಜೆಕ್ಟಿನಿಂದ ಕಾಲೇಜಿಗೆ ನೇರವಾಗಿ ಆದ ಉಪಕಾರ ಇದು.

ಇಂಥ ದಿನಗಳು ಕಡಿಮೆ. ಉಳಿದ ದಿನವೆಲ್ಲ ಸುಳ್ಳು ಅಲಾರಂಗಳದ್ದೇ ರಾಜ್ಯ. ಬೆಳಿಗ್ಗೆ ಪುಟ ತೆರೆದರೆ ಸಾವಿರಗಟ್ಟಲೆ. ಅವುಗಳಲ್ಲಿ ಅರ್ಧಕ್ಕೂ ಹೆಚ್ಚು ಒಂದೇ ಬಗೆ: ಯಾರೋ ನಿರ್ವಹಣೆಯ ಪ್ರೋಟೋಕಾಲ್ ಬಳಸಿ, 'ಪಬ್ಲಿಕ್' ಎಂಬ ಎಲ್ಲರಿಗೂ ಗೊತ್ತಿರುವ ಗುಪ್ತಪದ ಹೇಳಿ, ಒಳಗೆ ಬರಲು ನೋಡುತ್ತಿದ್ದಾರೆ. ಬೆನ್ನು ಹತ್ತಿ ಹೋದರೆ ಅದು ಆಫೀಸಿನ ಲೇಸರ್ ಪ್ರಿಂಟರು. ಕಾಗದ ಇದೆಯೇ, ಟೋನರ್ ಇದೆಯೇ ಎಂದು ವಿಂಡೋಸಿನ ಡ್ರೈವರ್ ಆಗಾಗ ಅದನ್ನು ಕೇಳುತ್ತದೆ, ಕೇಳುವಾಗ ಆ ಪದವನ್ನೇ ಹೇಳುತ್ತದೆ. ಗದಗದವನಿಗೆ ಸಿಟ್ಟು. "ತಗದ್ ಒಗಿರಿ ಆ ರೂಲ. ಎಲ್ಲಾರಿಗೂ ಬೊಗಳೋ ನಾಯಿ ಕಟ್ಟಿದ್ರ ಕಳ್ಳಗೇನ್ ಅಂಜಿಕಿ?" ಅವನ ಮಾತು ಸರಿಯೇ. ಸರ್ ಮಾತೂ ಸರಿ: ನಿಜವಾದ ನುಸುಳುಕೋರನೂ ಮೊದಲು ಪ್ರಯತ್ನಿಸುವುದು ಅದೇ ಪದವನ್ನು. ಕೊನೆಗೆ ರೂಲನ್ನು ಉಳಿಸಿ ಆ ಪ್ರಿಂಟರಿನ ವಿಳಾಸಕ್ಕೆ ಮಾತ್ರ ವಿನಾಯಿತಿ ಕೊಟ್ಟೆವು.

ಹೀಗೆ ಒಂದೊಂದರ ಬೆನ್ನು ಹತ್ತಿ ಹೋದದ್ದನ್ನು ಬರೆದಿಡಲು ಅಂಗಡಿಯವರು ಲೆಕ್ಕಕ್ಕೆ ಬಳಸುವ ಉದ್ದ ಪುಸ್ತಕ ತಂದೆ. ಅದರಲ್ಲಿ ಗೆರೆ ಎಳೆದು ವೇಳೆ, ರೂಲ್ ಸಂಖ್ಯೆ, ಎಲ್ಲಿಂದ, ಎಲ್ಲಿಗೆ ಎಂದು ಅಂಕಣ ಮಾಡಿದೆ. ಕೊನೆಯ ಅಂಕಣ ಕಾರಣ. ಅದನ್ನು ಖಾಲಿ ಬಿಡುವಂತಿಲ್ಲ ಎಂದು ನಾಲ್ವರೂ ಒಪ್ಪಿಕೊಂಡೆವು. ತಿಳಿಯದಿದ್ದರೆ ತಿಳಿಯಲಿಲ್ಲ ಎಂದೇ ಬರೆದು, ಎಲ್ಲಿಯವರೆಗೆ ಹುಡುಕಿದೆವು ಎಂದು ಕೆಳಗೆ ಸೇರಿಸಬೇಕು. ಅದಕ್ಕೆ ನಮ್ಮೊಳಗೆ ಅಲಾರಂ ಪುಸ್ತಕ ಎಂದೇ ಹೆಸರು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಮ್ಮ ಕಾಲೇಜಿನ ಜಾಲದಲ್ಲಿ ಯಾವ ಯಂತ್ರ ಯಾರೊಡನೆ, ಯಾವ ಹೊತ್ತಿಗೆ, ಏಕೆ ಮಾತಾಡುತ್ತದೆ ಎಂಬುದು ಆ ಪುಸ್ತಕದಲ್ಲಿತ್ತು. ಆ ತಿಳಿವಳಿಕೆ ಬೇರೆ ಯಾವ ದಾಖಲೆಯಲ್ಲೂ ಇರಲಿಲ್ಲ.

ಪ್ರಾಜೆಕ್ಟಿನಲ್ಲಿ ಹೊಸತನ ಏನಾದರೂ ಬೇಕಲ್ಲ ಎಂದು ಗೈಡ್ ಹೇಳಿದ್ದರಿಂದ ಕಲಿಯುವ ಯಂತ್ರದ ಭಾಗವನ್ನೂ ಸೇರಿಸಿದೆವು. ಆಗಲೂ ಈಗಲೂ ಇದಕ್ಕೆ ಕೈಗೆ ಮೊದಲು ಸಿಗುವುದು ಕೆಡಿಡಿ ಕಪ್ 99 ಎಂಬ ದತ್ತಾಂಶ. ಅಮೆರಿಕದ ಎಂಐಟಿ ಲಿಂಕನ್ ಲ್ಯಾಬಿನವರು 1998ರಲ್ಲಿ ವಾಯುಸೇನೆಯ ನೆಲೆಯೊಂದರ ಜಾಲವನ್ನು ಅಣಕವಾಗಿ ಕಟ್ಟಿ, ಅದರ ಮೇಲೆ ದಾಳಿಗಳನ್ನು ಹೂಡಿ ದಾಖಲಿಸಿದ್ದು. ಅದರಿಂದ ತೆಗೆದ ಒಂದೊಂದು ದಾಖಲೆಗೂ 41 ಗುಣಗಳು. ಎಲ್ಲರೂ ಬಳಸುವ ಹತ್ತನೇ ಒಂದು ಭಾಗದ ಫೈಲಿನಲ್ಲಿ 4,94,021 ದಾಖಲೆಗಳು. ಅವುಗಳಲ್ಲಿ 2,80,790 ಸ್ಮರ್ಫ್ ದಾಳಿಯವು, 1,07,201 ನೆಪ್ಚೂನ್ ದಾಳಿಯವು. ಎರಡೇ ದಾಳಿಗಳು ಸೇರಿ ನೂರಕ್ಕೆ 78ಕ್ಕೂ ಹೆಚ್ಚು. ಎರಡೂ ಗದ್ದಲದ ದಾಳಿಗಳು, ಎಂಥ ಲೆಕ್ಕವೂ ಅವನ್ನು ಹಿಡಿಯುತ್ತದೆ. ವೇಕಾ ಎಂಬ ತಂತ್ರಾಂಶದಲ್ಲಿ ಡಿಸಿಷನ್ ಟ್ರೀ ಓಡಿಸಿದರೆ ನಿಖರತೆ ನೂರಕ್ಕೆ 99 ದಾಟಿತು. ಗದಗದವನು ಫಲಿತಾಂಶವನ್ನು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ತೆಗೆದು ಮೇಜಿನ ಮೇಲೆ ಹರಡಿದ.

ಪುತ್ತೂರಿನವಳು ಅದನ್ನು ನಂಬಲಿಲ್ಲ. ಹುಡುಕಿ ಹುಡುಕಿ 2003ರ ಒಂದು ಪ್ರಬಂಧ ತಂದಳು, ಫ್ಲಾರಿಡಾದ ಮಹೋನಿ ಮತ್ತು ಚಾನ್ ಬರೆದದ್ದು. ಅದೇ ಲಿಂಕನ್ ಲ್ಯಾಬಿನ 1999ರ ದತ್ತಾಂಶವನ್ನು ಅವರು ಕೆದಕಿ ನೋಡಿದ್ದರು. ಪ್ರತಿ ಪ್ಯಾಕೆಟ್ಟಿಗೂ ಆಯುಷ್ಯದ ಎಣಿಕೆಯೊಂದು ಇರುತ್ತದೆ, ದಾಟಿದ ರೂಟರಿಗೊಂದರಂತೆ ಕಳೆಯುತ್ತಾ ಹೋಗುತ್ತದೆ. ಆ ದತ್ತಾಂಶದಲ್ಲಿ ಸಾಮಾನ್ಯ ಪ್ಯಾಕೆಟ್ಟುಗಳಲ್ಲಿ ಈ ಎಣಿಕೆ ಹೆಚ್ಚಾಗಿ 127 ಅಥವಾ 254. ದಾಳಿಯ ಪ್ಯಾಕೆಟ್ಟುಗಳಲ್ಲಿ ಮಾತ್ರ 126, 253. ದಾಳಿಯನ್ನು ಹೂಡಿದ ಯಂತ್ರಗಳ ಜೋಡಣೆಯಿಂದ ಬಂದ ಗುರುತು ಅದು, ದಾಳಿಯ ಸ್ವಭಾವದಿಂದ ಬಂದದ್ದಲ್ಲ. ಅಂಥ ಗುರುತು ಹಿಡಿದು ಕಲಿತ ಯಂತ್ರ ಪರೀಕ್ಷೆಯಲ್ಲಿ ಗೆಲ್ಲುತ್ತದೆ, ಬೇರೆ ಜಾಲಕ್ಕೆ ಹೋದರೆ ಅದಕ್ಕೆ ಏನೂ ತಿಳಿಯುವುದಿಲ್ಲ. ಸ್ಮರ್ಫ್ ಕೂಡ ನಾವು ಓದುವ ಹೊತ್ತಿಗೇ ಹಳತಾಗಿತ್ತು. ಅದಕ್ಕೆ ದಾರಿ ಮಾಡಿಕೊಡುತ್ತಿದ್ದ ಬ್ರಾಡ್‌ಕಾಸ್ಟ್ ಸವಲತ್ತನ್ನು ರೂಟರುಗಳಲ್ಲಿ ಮೊದಲಿಂದಲೇ ಬಂದ್ ಮಾಡಿಡಬೇಕು ಎಂಬ ನಿಯಮ 1999ರಲ್ಲೇ ಬಂದಿತ್ತು.

ಆ ಟ್ರೀಯನ್ನು ನಮ್ಮ ಲ್ಯಾಬಿನ ಪ್ಯಾಕೆಟ್ಟುಗಳ ಮೇಲೂ ಓಡಿಸಿದೆವು. 41 ಗುಣಗಳಲ್ಲಿ ನಾವು ಲೆಕ್ಕ ಹಾಕಬಹುದಾಗಿದ್ದವು ಕೆಲವೇ. ಫಲಿತಾಂಶ ಹೇಳಿಕೊಳ್ಳುವಂಥದ್ದಲ್ಲ. ಎರಡೂ ಫಲಿತಾಂಶಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಹಾಕೋಣ ಎಂದವಳೂ ಅವಳೇ. ಹಾಕಿದೆವು.

ವೈವಾಕ್ಕೆ ಹೊರಗಿನಿಂದ ಬಂದ ಎಕ್ಸಾಮಿನರ್ 99ರ ಪುಟವನ್ನು ಬೇಗ ಮಗುಚಿದರು. ಆಮೇಲೆ ಅನುಬಂಧದಲ್ಲಿ ಸೇರಿಸಿದ್ದ ಅಲಾರಂ ಪುಸ್ತಕದ ಜೆರಾಕ್ಸ್ ಪುಟಗಳಿಗೆ ಬಂದು ನಿಂತು, ಮೂಲ ಪುಸ್ತಕ ತಂದಿದ್ದೀರಾ ಎಂದು ಕೇಳಿದರು. ಕೊಟ್ಟೆವು. ಎಲ್ಲೋ ನಡುವೆ ತೆರೆದು, ಒಂದು ಸಾಲಿಗೆ ಬೆರಳಿಟ್ಟು, ಇದೇನು ಹೇಳಿ ಎಂದರು. ಆ ಸಾಲಿಗೆ ಸಂಬಂಧಪಟ್ಟವರು ಹೇಳಿದೆವು. ಇನ್ನೊಂದು ಪುಟ, ಇನ್ನೊಂದು ಸಾಲು, ಇನ್ನೊಬ್ಬರು. ಗುಂಪಿನ ನಾಲ್ವರಲ್ಲಿ ಯಾರು ಎಷ್ಟು ಮಾಡಿದ್ದಾರೆ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಆಮೇಲೂ ಕಂಡಿಲ್ಲ. ಡಿಟಿಪಿ ಅಂಗಡಿಯಲ್ಲಿ ತಿದ್ದಿ ತಿದ್ದಿ ಟೈಪ್ ಮಾಡಿಸಿ, ಗಟ್ಟಿ ರಟ್ಟಿಗೆ ಚಿನ್ನದ ಅಕ್ಷರ ಹೊಡೆಸಿ, ಹಿಂದಿನ ಜೇಬಿನಲ್ಲಿ ಸಿ.ಡಿ. ಇಟ್ಟು ಕೊಟ್ಟ ರಿಪೋರ್ಟಿನ ಬಗ್ಗೆ ಅಂದು ಹೆಚ್ಚು ಮಾತೇ ಬರಲಿಲ್ಲ.

ಆ ಕಾಲವೇ ಚೆನ್ನಾಗಿತ್ತು ಎನ್ನುವವರ ಗುಂಪಿಗೆ ನಾನು ಸೇರುವವನಲ್ಲ. ಅದಕ್ಕೆ ಪುತ್ತೂರಿನವಳ ಪಾಡೊಂದೇ ಸಾಕು. ಲೇಡೀಸ್ ಹಾಸ್ಟೆಲಿನ ಗೇಟು ಸಂಜೆಗೇ ಬೀಳುತ್ತಿತ್ತು. ಲ್ಯಾಬಿನಲ್ಲಿ ಒಂದೇ ಸೆನ್ಸರ್, ಅದರ ಮುಂದೆ ಕೂತು ಕೆಲಸ ಮಾಡಲು ಪುರುಸೊತ್ತು ಸಿಗುತ್ತಿದ್ದದ್ದು ಕ್ಲಾಸುಗಳೆಲ್ಲ ಮುಗಿದ ಮೇಲೆ, ರಾತ್ರಿ. ನಾವು ಮೂವರು ಗಂಡಸರು ರಾತ್ರಿ ಹನ್ನೊಂದರವರೆಗೆ ಯಂತ್ರದ ಮುಂದೆ ಇರುತ್ತಿದ್ದೆವು. ನಮ್ಮೆಲ್ಲರಿಗಿಂತ ಹೆಚ್ಚು ತಿಳಿದವಳು ರೂಲ್‌ಗಳನ್ನು ಹಾಸ್ಟೆಲಿನಲ್ಲಿ ಹಾಳೆಯ ಮೇಲೆ ಬರೆದು, ಮರುದಿನ ಬೆಳಿಗ್ಗೆ ಕ್ಲಾಸಿಗೆ ಮುಂಚೆ ಬಂದು ಹಾಕಿ ನೋಡಬೇಕಿತ್ತು. ಅಕ್ಷರವೊಂದು ತಪ್ಪಿದರೆ ತಿಳಿಯುವುದು ಹನ್ನೆರಡು ತಾಸು ತಡವಾಗಿ. ಈಗ ಇದೇ ಕೆಲಸವನ್ನು ಲ್ಯಾಪ್‌ಟಾಪಿನೊಳಗೆ ನಾಲ್ಕೈದು ವರ್ಚುವಲ್ ಯಂತ್ರ ಎಬ್ಬಿಸಿ, ಕೋಣೆಯಲ್ಲಿ ಮಂಚದ ಮೇಲೆ ಕೂತು ಮಾಡಬಹುದು. ಸುರಿಕಾಟಾ, ಝೀಕ್‌ನಂಥ ಪತ್ತೆ ತಂತ್ರಾಂಶಗಳೆಲ್ಲ ಉಚಿತ. ಕಾಲಿ ಲಿನಕ್ಸ್ ಇಳಿಸಿಕೊಂಡರೆ ನಾವು ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳಲ್ಲಿ ತಡಕಾಡಿ ಹುಡುಕುತ್ತಿದ್ದ ಉಪಕರಣಗಳೆಲ್ಲ ಒಂದೇ ಕಡೆ. ಇದು ಸಣ್ಣ ಬದಲಾವಣೆಯಲ್ಲ.

ಪಾಸ್‌ವರ್ಡ್‌ಗಳು ಕಾಣುತ್ತಿದ್ದದ್ದೂ ಹೋಯಿತು. ಜಿಮೇಲ್ 2010ರಲ್ಲಿ ಇಡೀ ಮೇಲನ್ನು ಎಚ್‌ಟಿಟಿಪಿಎಸ್‌ಗೆ ತಂದಿತು. ಲೆಟ್ಸ್ ಎನ್‌ಕ್ರಿಪ್ಟ್ ಬಂದ ಮೇಲೆ ಸರ್ಟಿಫಿಕೇಟಿಗೆ ದುಡ್ಡು ಕೊಡಬೇಕಾದ ತೊಡಕೂ ಇಲ್ಲ. 2018ರ ಜುಲೈಯಿಂದ ಕ್ರೋಮ್, ಗೂಢಲಿಪಿಯಿಲ್ಲದ ತಾಣಗಳಿಗೆಲ್ಲ ಇದು ಸುರಕ್ಷಿತವಲ್ಲ ಎಂದು ಹಣೆಪಟ್ಟಿ ಕಟ್ಟತೊಡಗಿತು, ಮುಂದಿನ ತಿಂಗಳೇ ಎಚ್‌ಟಿಟಿಪಿಎಸ್ ಬಳಸುವ ಗೂಢಲಿಪಿ ಪದ್ಧತಿಯ ಹೊಸ ಆವೃತ್ತಿ ಟಿಎಲ್‌ಎಸ್ 1.3 ಹೊರಬಂತು. ಪ್ಯಾಕೆಟ್ಟಿನ ಹೊಟ್ಟೆಯಲ್ಲಿ ಏನಿದೆ ಎಂದು ನೋಡಿ ಅಲಾರಂ ಹೊಡೆಯುವ ರೂಲುಗಳಿಗೆ ಜಾಲದ ನಡುವೆ ನಿಂತು ನೋಡಲು ಈಗ ಹೆಚ್ಚೇನೂ ಸಿಗುವುದಿಲ್ಲ. ಪುತ್ತೂರಿನವಳು ಈಗ ಜರ್ಮನಿಯಲ್ಲಿ ಇದೇ ಕೆಲಸದಲ್ಲಿದ್ದಾಳೆ. ಫೋನಿನಲ್ಲಿ ಮಾತು ಬಂದಾಗ, "ಒಳಗೆ ಎಂತ ಉಂಟು ಅಂತ ನೋಡ್ಲಿಕ್ಕೆ ಆಗುದಿಲ್ಲ, ಯಾರು ಯಾರ ಹತ್ರ ಎಷ್ಟು ಹೊತ್ತು ಮಾತಾಡಿದ್ರು ಅಂತ ನೋಡಿಯೇ ಹೇಳ್ಬೇಕು" ಎಂದಳು. ಎಷ್ಟು ಬೈಟ್, ಎಷ್ಟು ಅಂತರಕ್ಕೆ, ಯಾವ ಹೊತ್ತಿಗೆ, ಎತ್ತ ಕಡೆ: ಇಷ್ಟರಲ್ಲೇ ಊಹಿಸಬೇಕು. ಜನರ ಗುಟ್ಟು ಉಳಿಯಿತು, ಕಾವಲಿನ ಕೆಲಸ ಕಷ್ಟವಾಯಿತು. ಎರಡರಲ್ಲಿ ಒಂದನ್ನೇ ಆರಿಸಿಕೋ ಎಂದರೆ ಗುಟ್ಟು ಉಳಿಯುವುದನ್ನೇ ನಾನು ಆರಿಸುತ್ತೇನೆ.

ನನ್ನ ದಿನದ ಕೆಲಸ ಬೆಂಗಳೂರಿನ ಕಂಪನಿಯೊಂದರಲ್ಲಿ, ಹಗಲೂ ರಾತ್ರಿ ಪಾಳಿಯಲ್ಲಿ ಅಲಾರಂ ನೋಡುವ ಕೋಣೆಯಲ್ಲಿ. ಕೇಂದ್ರ ಸರ್ಕಾರದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ಆರು ಗಂಟೆಯೊಳಗೆ ಇದು ನಿಜವೋ ಸುಳ್ಳೋ ಎಂದು ಹೇಳಬೇಕಾದವನಿಗೆ ಬೇಕಾದದ್ದು ಆ ಕೊನೆಯ ಅಂಕಣವೇ. ಪುಸ್ತಕದ ಬದಲು ಟಿಕೆಟ್ ವ್ಯವಸ್ಥೆ ಬಂದಿದೆ. ಹೊಸಬರು ಪಾಳಿಗೆ ಬಂದಾಗ ನಾನು ಮೊದಲು ನೋಡುವುದು ಅವರು ಮುಚ್ಚಿದ ಟಿಕೆಟ್ಟುಗಳಲ್ಲಿ ಕಾರಣದ ಜಾಗದಲ್ಲಿ ಏನು ಬರೆದಿದ್ದಾರೆ ಎಂಬುದನ್ನು.

ಕೆಲವು ವರ್ಷಗಳಿಂದ ಎಂ.ಟೆಕ್. ವೈವಾಗಳಿಗೆ ಹೊರಗಿನ ಎಕ್ಸಾಮಿನರ್ ಆಗಿ ಹೋಗುತ್ತೇನೆ. ನೆಟ್‌ವರ್ಕ್ ಸೆಕ್ಯುರಿಟಿಯ ಪ್ರಾಜೆಕ್ಟುಗಳು ಬೇಕಾದಷ್ಟು ಬರುತ್ತವೆ. ಅಚ್ಚುಕಟ್ಟಾದ ರಿಪೋರ್ಟು, ನಕಲು ತಪಾಸಣೆಯ ಶೇಕಡಾವಾರು, ಗಿಟ್‌ಹಬ್ ಕೊಂಡಿ. ಗುಂಪಿನವರು ಕೆಲಸ ಹಂಚಿಕೊಂಡು ವಾಟ್ಸಾಪ್ ಗ್ರೂಪಿನಲ್ಲಿ ಸೇರಿ, ಕೊನೆಯ ವಾರ ಒಟ್ಟು ಜೋಡಿಸಿರುತ್ತಾರೆ. ಒಬ್ಬರ ಭಾಗ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ನಮಗೆ ಒಂದೇ ಯಂತ್ರ ಇದ್ದದ್ದರಿಂದ ಒಬ್ಬರ ಕೆಲಸ ಇನ್ನೊಬ್ಬರ ಕಣ್ಣೆದುರೇ ನಡೆಯುತ್ತಿತ್ತು. ಅದು ಬಡತನದಿಂದ ಬಂದ ಲಾಭ, ಅದಕ್ಕಾಗಿ ಬಡತನವನ್ನು ಬಯಸಬೇಕಿಲ್ಲ. ವಾರಕ್ಕೊಮ್ಮೆ ಒಂದು ಮೇಜಿನ ಸುತ್ತ ಕೂರಿಸಿದರೆ ಈಗಲೂ ಸಿಗುತ್ತದೆ.

ಹೆಚ್ಚು ಕಾಡುವುದು ದತ್ತಾಂಶ. ಕೆಡಿಡಿಯಲ್ಲಿ ಒಂದೇ ದಾಖಲೆ ಮತ್ತೆ ಮತ್ತೆ ಬರುವುದನ್ನು ತೆಗೆದು 2009ರಲ್ಲಿ ಎನ್‌ಎಸ್‌ಎಲ್-ಕೆಡಿಡಿ ಮಾಡಿದರು. ಮಾಡಿದವರೇ ಅದರ ಮಿತಿಗಳನ್ನು ಹೇಳಿದ್ದರು. ಇಂದಿಗೂ ಅದರ ಮೇಲೆಯೇ ಪ್ರಾಜೆಕ್ಟುಗಳು ನಡೆಯುತ್ತಿವೆ. ಈ ಹುಡುಗರು ಹುಟ್ಟುವ ಮೊದಲೇ ಸತ್ತ ಸ್ಮರ್ಫನ್ನು ಇವರ ಡೀಪ್ ಲರ್ನಿಂಗ್ ಹಿಡಿಯುತ್ತದೆ. ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದವರ 2017ರ ದತ್ತಾಂಶ ಬಳಸುವವರೂ ಇದ್ದಾರೆ. ಅದರಲ್ಲಿ ಸೋಮವಾರ ಶಾಂತ, ಮಂಗಳವಾರದಿಂದ ಶುಕ್ರವಾರದವರೆಗೆ ಒಂದೊಂದು ದಿನ ಬೇರೆ ಬೇರೆ ಬಗೆಯ ದಾಳಿಗಳು. ಐದೂ ದಿನಗಳದ್ದನ್ನು ಒಟ್ಟಿಗೆ ಕಲಸಿ, ಮುಕ್ಕಾಲು ಪಾಲು ಕಲಿಯಲು, ಕಾಲು ಪಾಲು ಪರೀಕ್ಷೆಗೆ ಎಂದು ಹಂಚಿದರೆ ಒಂದೇ ದಾಳಿಯ ಚೂರುಗಳು ಎರಡೂ ಕಡೆ ಬೀಳುತ್ತವೆ. 99.8 ಬರುತ್ತದೆ. ಆ ಯಂತ್ರಕ್ಕೆ ನಾಳೆಯ ದಾಳಿಯ ಬಗ್ಗೆ ಏನು ಗೊತ್ತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಇನ್ನೊಂದು ಲೆಕ್ಕವನ್ನು ಪ್ರತಿ ವೈವಾದಲ್ಲೂ ಬೋರ್ಡಿನ ಮೇಲೆ ಬರೆಸುತ್ತೇನೆ. ಸ್ಟೆಫಾನ್ ಆಕ್ಸೆಲ್ಸನ್ ಎಂಬುವರು 1999ರಲ್ಲೇ ಬರೆದಿಟ್ಟದ್ದು ಇದರ ತಳಹದಿ. ದಿನಕ್ಕೆ ಹತ್ತು ಲಕ್ಷ ದಾಖಲೆಗಳು, ಅವುಗಳಲ್ಲಿ ದಾಳಿಗೆ ಸೇರಿದವು 20 ಎಂದಿಟ್ಟುಕೊಳ್ಳಿ. ನಿಮ್ಮ ವ್ಯವಸ್ಥೆ ಆ 20ನ್ನೂ ಬಿಡದೆ ಹಿಡಿಯುತ್ತದೆ, ಸಾಮಾನ್ಯ ದಾಖಲೆಗಳಲ್ಲಿ ನೂರಕ್ಕೆ ಒಂದನ್ನು ಮಾತ್ರ ತಪ್ಪಾಗಿ ದಾಳಿ ಎನ್ನುತ್ತದೆ. ಕೇಳಲು ಬಹಳ ಚೆನ್ನಾಗಿದೆ. ನೂರಕ್ಕೆ ಒಂದು ಎಂದರೆ ಸುಮಾರು ಹತ್ತು ಸಾವಿರ ಸುಳ್ಳು ಅಲಾರಂ. ಐನೂರು ಅಲಾರಂ ನೋಡಿದರೆ ಒಂದು ನಿಜ. ಪಾಳಿಯಲ್ಲಿ ಕೂತವರು ಎಷ್ಟನೆಯದಕ್ಕೆ ನೋಡುವುದನ್ನು ಬಿಡುತ್ತಾರೆ? ಬೋರ್ಡಿನ ಮುಂದೆ ನಿಂತ ವಿದ್ಯಾರ್ಥಿ ತಾನೇ ಗುಣಾಕಾರ ಮಾಡಿ ಮುಗಿಸಿದಾಗ ಮುಖದಲ್ಲಿ ಆಗುವ ಬದಲಾವಣೆ ನನಗೆ ಮುಖ್ಯ; ಅಂಕವನ್ನು ಅಲ್ಲಿಂದ ಕೊಡಲು ಶುರು ಮಾಡುತ್ತೇನೆ.

ಹಿಂದಿನ ವರ್ಷ ಇಂಥ ಒಂದು ವೈವಾದಲ್ಲಿ ನಾಲ್ವರ ಗುಂಪೊಂದು ಬಂತು. 99.6 ತೋರಿಸಿದರು. ಈ ಮಾಡೆಲನ್ನು ನಿಜವಾದ ಜಾಲದ ಮೇಲೆ ಇಟ್ಟು ನೋಡಿದ್ದೀರಾ ಎಂದು ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ನಿಂತಿದ್ದ ಹುಡುಗಿ, "ಇಟ್ಟಿದ್ವಿ ಸರ್, ಹಾಸ್ಟೆಲ್ ವೈಫೈ ಮೇಲೆ, ವಾರ್ಡನ್ ಹತ್ರ ಪರ್ಮಿಷನ್ ತಗೊಂಡು. ಎಲ್ಲಾನೂ ಅಟ್ಯಾಕ್ ಅಂತ ಹೇಳ್ತು" ಎಂದಳು. ರಿಪೋರ್ಟಿನಲ್ಲಿ ಏಕಿಲ್ಲ ಎಂದರೆ, ಚೆನ್ನಾಗಿ ಕಾಣುವುದಿಲ್ಲ ಎಂದು ತೆಗೆದಿದ್ದರಂತೆ. ಫೈಲು ಲ್ಯಾಪ್‌ಟಾಪಿನಲ್ಲೇ ಇತ್ತು, ತೆರೆಸಿದೆ. ಹದಿನಾಲ್ಕು ಪುಟ. ರಾತ್ರಿ ಒಂಬತ್ತರ ಮೇಲೆ ಹುಡುಗರು ಮ್ಯಾಚ್ ನೋಡಲು ಶುರು ಮಾಡಿದರೆ ವಿಡಿಯೋ ಹರಿವನ್ನು ಮಾಡೆಲ್ ಸೇವೆ ಕೆಡಿಸುವ ದಾಳಿ ಎನ್ನುತ್ತಿತ್ತು. ಫೋನುಗಳು ತಾವಾಗಿಯೇ ಅಪ್‌ಡೇಟ್ ಹುಡುಕುವುದನ್ನು ಬಾಟ್ ಎನ್ನುತ್ತಿತ್ತು. ಯಾವುದು ಏಕೆ ಎಂದು ಅವಳು ಒಂದೊಂದರ ಮುಂದೂ ಬರೆದಿದ್ದಳು. ನಾಲ್ಕೈದು ಕಡೆ ಕಾರಣ ಸಿಗಲಿಲ್ಲ ಎಂದೂ ಇತ್ತು.

ಆ ಹದಿನಾಲ್ಕು ಪುಟಗಳ ಮೇಲೆ ಉಳಿದ ಹೊತ್ತೆಲ್ಲ ಪ್ರಶ್ನೆ ಕೇಳಿದೆ. ಅವರನ್ನು ನಿಲ್ಲಿಸಿಕೊಂಡೇ ಗೈಡ್ ಜೊತೆ ಮಾತಾಡಿ, ಅದನ್ನು ಐದನೇ ಅಧ್ಯಾಯವಾಗಿ ಸೇರಿಸಿ, 99.6ರ ಕೋಷ್ಟಕದ ಪಕ್ಕದಲ್ಲೇ ಹಾಸ್ಟೆಲಿನ ಕೋಷ್ಟಕ ಬರುವಂತೆ ಮಾಡಿ ತನ್ನಿ ಎಂದೆ. ಮಧ್ಯಾಹ್ನ ಊಟವಾಗುವಷ್ಟರಲ್ಲಿ ಪ್ರಿಂಟ್ ತೆಗೆಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿಕೊಂಡು ಬಂದರು. ಸಹಿ ಹಾಕಿದೆ.